ಮಣ್ಣು ಮುಚ್ಚಿದ ಕಸ ಯಾಕೆ ಕೊಳೆಯಲಿಲ್ಲ?

ಪತ್ರ: ನಮ್ಮೂರ ಹೊರಗೆ ಕಸ ಸುರಿದು ಮೇಲೆ ಎರೆ ಮಣ್ಣು ಮುಚ್ಚುತ್ತಿದ್ದರು. ಈಗ ಜೆಸಿಬಿಯಿಂದ ಅಗೆಸಿದರೆ ಹಳೇ ಪೇಪರು ಇನ್ನೂ ಓದಲು ಬರುವಂತಿದೆ! ನಮ್ಮ ಹಿತ್ತಲ ತಿಪ್ಪೆ ವರ್ಷದೊಳಗೆ ಗೊಬ್ಬರವಾಗುತ್ತದೆ. ಇದ್ಯಾಕೆ ಆಗಲಿಲ್ಲ? ಅಗೆದ ಮಣ್ಣನ್ನು ಹೊಲಕ್ಕೆ ಹೊಡೆಸಬಹುದಾ?
– ಓದುಗರು, ಗದಗ ತಾಲ್ಲೂಕು

ಸಂಪಾದಕರ ಉತ್ತರ:

ನಮಸ್ಕಾರ. ನಿಮಗಷ್ಟೇ ಹೀಗಾಗಿದ್ದಲ್ಲ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ವಿಲಿಯಂ ರಾಥ್ಜೆ 1980ರ ದಶಕದಲ್ಲಿ ಕಸದ ಗುಡ್ಡಗಳನ್ನೇ ಕೊರೆಸಿ ನೋಡಿದರು. ದಶಕಗಳ ಹಿಂದಿನ ಪತ್ರಿಕೆಗಳು ಓದುವ ಹಾಗೇ ಸಿಕ್ಕವು. ಪತ್ರಿಕೆ ನಡೆಸುವ ನಾನು ಇದಕ್ಕೆ ಖುಷಿಪಡಬೇಕೋ ಬೇಡವೋ!

ತಿಪ್ಪೆಗೆ ಗಾಳಿ ಆಡುತ್ತದೆ, ಸಗಣಿ ನೀರು ಬೀಳುತ್ತಿರುತ್ತದೆ. ಮಣ್ಣು ಮುಚ್ಚಿದ ಕಸದೊಳಗೆ ಕೆಲವೇ ದಿನಕ್ಕೆ ಗಾಳಿ ಮುಗಿಯುತ್ತದೆ. ಆಮೇಲೆ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳದ್ದೇ ಕೆಲಸ. ಅವು ನಿಧಾನ. ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಹೆಚ್ಚುಕಮ್ಮಿ ಅರ್ಧರ್ಧ ಹೊರಬಿಡುತ್ತವೆ. ಅವಕ್ಕೂ ನೀರು ಬೇಕೇ ಬೇಕು.

ಎರೆ ಅಡ್ಡಬರುವುದು ಇಲ್ಲೇ. ನೆನೆದ ಎರೆ ಉಬ್ಬಿ ಬಿಗಿಯಾಗುತ್ತದೆ. ಕಸದ ನಡುನಡುವೆ ಹಾಕಿದ ಆ ಪದರದ ಮೇಲೇ ಮಳೆನೀರು ನಿಲ್ಲುತ್ತದೆ. ಮೇಲಿನ ಕಸ ರಾಡಿ, ಕೆಳಗಿನದು ಒಣ ಒಣ. ನಿಮ್ಮ ಪೇಪರು ಬಹುಶಃ ಆ ಒಣ ಭಾಗದ್ದು. ನಿಂತ ನೀರು ಸುಮ್ನೆ ಇರುವುದಿಲ್ಲ, ಗುಡ್ಡೆಯ ಪಕ್ಕದಿಂದ ಕರಿ ರಸವಾಗಿ ಜಿನುಗುತ್ತದೆ. ಬೇಸಿಗೆಯಲ್ಲಿ ಅದೇ ಎರೆ ಕೈ ತೂರುವಷ್ಟು ಬಿರಿಯುತ್ತದೆ, ಅನಿಲ ಅಲ್ಲಿಂದ ಹೊರಬರುತ್ತದೆ. ಗರಸು ಮಣ್ಣಾಗಿದ್ದರೆ ನೀರು ಕೆಳಗಿಳಿದು ಕಸ ಇನ್ನಷ್ಟು ಸಮನಾಗಿ ಕೊಳೆಯುತ್ತಿತ್ತು. ಆದರೆ ತಳದಲ್ಲಿ ನೀರು ಇಳಿಯದ ಪ್ಲಾಸ್ಟಿಕ್ ಹಾಳೆ ಹಾಸಿರದಿದ್ದರೆ ಆ ರಸ ಬಾವಿ, ಬೋರ್‌ವೆಲ್‌ಗೇ ಇಳಿಯುತ್ತಿತ್ತು.

ಹಾಗಾದರೆ ಮಣ್ಣು ಹಾಕುವುದ್ಯಾಕೆ? ನೊಣ, ನಾಯಿ, ವಾಸನೆ, ಬೆಂಕಿ ತಡೆಯಲು. 2016ರ ಘನತ್ಯಾಜ್ಯ ನಿಯಮದಲ್ಲಿ ದಿನದ ಕೊನೆಗೆ ಕನಿಷ್ಠ 10 ಸೆಂ.ಮೀ., ಮಳೆಗಾಲಕ್ಕೆ ಮುಂಚೆ 40ರಿಂದ 65 ಸೆಂ.ಮೀ. ಮಣ್ಣು ಹಾಕಬೇಕು ಎಂದಿತ್ತು. ಮಳೆಗಾಲದ ಪದರ ನೀರು ಒಳಗೆ ಹೋಗಬಾರದು ಅಂತಲೇ ಇರುವುದು. ಅಂದರೆ ಕಸ ಕೊಳೆಯಲಿ ಎಂದು ಯಾರೂ ಮಣ್ಣು ಹಾಕುವುದಿಲ್ಲ. ಹಸಿ ಕಸ ಅಲ್ಲಿಗೆ ಹೋಗುವುದೇ ತಪ್ಪು ಅನ್ನುವುದು ನನ್ನ ಮಾತು. ಅದು ತಿಪ್ಪೆಗೇ ಹೋಗಬೇಕು.

ಮಣ್ಣಿನಿಂದ ಇನ್ನೊಂದು ಲಾಭವೂ ಇದೆ. ಮೇಲ್ಪದರ ಸಡಿಲವಾಗಿ, ತುಸು ತೇವವಾಗಿದ್ದರೆ ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಮೇಲೇರುವ ಮೀಥೇನನ್ನು ತಿಂದುಹಾಕುತ್ತವೆ.

ಇನ್ನು ಹೊಲದ ವಿಷಯ. ಜರಡಿ ಹಿಡಿದ ಆ ಮಣ್ಣು ಕಪ್ಪಗೆ, ಥೇಟ್ ಗೊಬ್ಬರದ ಹಾಗೇ ಕಾಣುತ್ತದೆ, ಅಲ್ವಾ? ಅದರಲ್ಲಿ ಗಾಜಿನ ಚೂರು, ಪ್ಲಾಸ್ಟಿಕ್, ಬ್ಯಾಟರಿಯಿಂದ ಬಂದ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಒಂದು ಟ್ರ್ಯಾಲಿಯನ್ನೂ ಹೊಡೆಸಬೇಡಿ. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಸೀಸ ನೋಡುವುದಿಲ್ಲ, ಅದನ್ನು ಬೇರೆಯಾಗಿ ಕೇಳಿ ಮಾಡಿಸಿ.