ರಾತ್ರಿ ತಿನ್ನುವುದು ಶುರುವಾಗುತ್ತಿದ್ದದ್ದು ಬೆಳಗ್ಗೆ

ವಸುಧಾ ಆಪ್ತಸಲಹೆಗೆ ನನ್ನ ಹತ್ತಿರ ಬಂದದ್ದು ರಾತ್ರಿ ತಿನ್ನುವ ಅಭ್ಯಾಸ ಬಿಡಬೇಕು ಎಂದು. "ಹಗಲೆಲ್ಲ ಕಟ್ಟುನಿಟ್ಟಾಗಿ ಇರ್ತೀನಿ ಮೇಡಂ. ರಾತ್ರಿ ಎಲ್ಲ ಹಾಳಾಗುತ್ತೆ. ನನಗೆ ಮನಸ್ಸಿನ ಮೇಲೆ ಹತೋಟಿಯೇ ಇಲ್ಲ" ಅಂದರು. ಈ ಹೆಸರು ಅವರದಲ್ಲ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ.

ವಯಸ್ಸು ನಲವತ್ತು ದಾಟಿದೆ. ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಬಿಪಿ ಶುರುವಾಗಿದೆ, ತೂಕ ಇಳಿಸಿ ಎಂದು ಡಾಕ್ಟರು ಹೇಳಿದ್ದರು. ಆಗ ತೂಕ 84 ಕೆ.ಜಿ. ಮೊದಲ ವಾರದಲ್ಲೇ ಎರಡೂವರೆ ಕೆ.ಜಿ. ಇಳಿಯಿತು. ಎಲ್ಲರೂ ಹೊಗಳಿದರು. ಆಮೇಲೆ ನಿಧಾನವಾಯಿತು. 80ರ ಹತ್ತಿರ ಬಂದು ನಿಂತೇಬಿಟ್ಟಿತು. ರಾತ್ರಿ ತಿನ್ನುವುದು ಜೋರಾದದ್ದು ಆಗಲೇ. ಮನೆಯವರು ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕದೆ, ನಿಂತುಕೊಂಡೇ ಬಿಸ್ಕತ್ತು, ಸಿಹಿ, ಫ್ರಿಜ್‌ನಲ್ಲಿ ಉಳಿದದ್ದು, ಹೀಗೆ ಕೈಗೆ ಸಿಕ್ಕಿದ್ದನ್ನು ತಿನ್ನುತ್ತಿದ್ದರು. ಆಮೇಲೆ ಅಳು.

ರಾತ್ರಿಯ ಬಗ್ಗೆ ಅವರು ತುಂಬಾ ಮಾತಾಡಿದರು. ಬೆಳಗಿನ ಬಗ್ಗೆ ಒಂದು ಮಾತೂ ಇಲ್ಲ. ನಾನೇ ಕೇಳಿದೆ. ಎದ್ದ ಕೂಡಲೇ ಏನು ಮಾಡ್ತೀರಿ? "ತೂಕ ನೋಡ್ತೀನಿ." ಆಮೇಲೆ? "ಶೌಚ ಆದ ಮೇಲೆ ಇನ್ನೊಂದ್ಸಲ. ಸ್ನಾನ ಆದ ಮೇಲೆ ಒಂದ್ಸಲ. ಮಲಗೋ ಮುಂಚೆಯೂ ನೋಡ್ತೀನಿ." ತೂಕದ ಯಂತ್ರ ಬಾತ್‌ರೂಮಿನಲ್ಲೇ ಇತ್ತು, ಬಾಗಿಲ ಪಕ್ಕ. ಓಲೆ ತೆಗೆದಿಟ್ಟು ನಿಲ್ಲುತ್ತಿದ್ದರು. ಅಂಕಿ ಇಳಿದಿದ್ದರೆ ದಿನ ಒಳ್ಳೆಯದು. ಏರಿದ್ದರೆ ಮಕ್ಕಳ ಮೇಲೆ ರೇಗಾಟ, ತಿಂಡಿ ಬಂದ್.

ನಾನು ಮೊದಲು ಕೇಳಿದ್ದು ಬೇರೆಯದೇ ಪ್ರಶ್ನೆಗಳು. ತಿಂದದ್ದನ್ನು ವಾಂತಿ ಮಾಡಿಕೊಳ್ಳುತ್ತೀರಾ? ಭೇದಿ ಮಾತ್ರೆ ತೆಗೆದುಕೊಳ್ಳುತ್ತೀರಾ? ಸಾಯಬೇಕು ಅನ್ನಿಸುತ್ತಾ? ಇಂಥದ್ದು ಏನಾದರೂ ಇದ್ದರೆ ಆಪ್ತಸಲಹೆ ಒಂದೇ ಸಾಲದು, ಮನೋವೈದ್ಯರು ಬೇಕು. ಸ್ವಲ್ಪ ಹೊತ್ತಿನಲ್ಲೇ ತುಂಬಾ ಜಾಸ್ತಿ ತಿಂದು, ನಿಲ್ಲಿಸಲು ಆಗದೆ ಒದ್ದಾಡುವುದು ವಾರಕ್ಕೆ ಒಂದು ಸಲವಾದರೂ ಆಗುತ್ತಾ ಮೂರು ತಿಂಗಳು ನಡೆದರೆ ಅದು ಬಿಂಜ್ ಈಟಿಂಗ್ ಡಿಸಾರ್ಡರ್ ಇರಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ರೋಗನಿರ್ಣಯದ ಕೈಪಿಡಿ ಡಿಎಸ್‌ಎಂ-5 ಇದನ್ನು ಒಂದು ಪ್ರತ್ಯೇಕ ಕಾಯಿಲೆ ಎಂದೇ ಗುರುತಿಸಿದೆ. ಅದಕ್ಕೆ ಚಿಕಿತ್ಸೆ ಇದೆ. ವಸುಧಾ ತಿನ್ನುತ್ತಿದ್ದ ಪ್ರಮಾಣ ಅಷ್ಟಿರಲಿಲ್ಲ. ಆದರೂ ಮನೋವೈದ್ಯರನ್ನು ಒಮ್ಮೆ ನೋಡಿ ಬನ್ನಿ, ಥೈರಾಯ್ಡ್ ಕೂಡ ಪರೀಕ್ಷೆ ಮಾಡಿಸಿ ಎಂದೆ. ಎರಡರಲ್ಲೂ ತೊಂದರೆ ಕಾಣಲಿಲ್ಲ.

ಆಮೇಲೆ ಒಂದು ಪುಸ್ತಕ ಇಡಲು ಹೇಳಿದೆ. ಕ್ಯಾಲೊರಿ ಬರೆಯುವುದು ಬೇಡ, ಆ ಲೆಕ್ಕ ಅವರು ಆಗಲೇ ಸಾಕಷ್ಟು ಹಾಕಿದ್ದರು. ಬೆಳಗ್ಗೆ ಯಂತ್ರ ಏನು ತೋರಿಸಿತು, ಊಟ ತಿಂಡಿ ಎಷ್ಟು ಗಂಟೆಗೆ ಆಯಿತು, ರಾತ್ರಿ ತಿನ್ನುವ ಮುಂಚೆ ಏನಾಗಿತ್ತು, ಆಗ ಹಸಿವು ಹತ್ತಕ್ಕೆ ಎಷ್ಟಿತ್ತು ಎಂದು ಮಾತ್ರ ಬರೆಯಬೇಕು.

ಲೆಕ್ಕ ಬರೆಯುವವರ ಅಕ್ಷರ, ಚೊಕ್ಕವಾಗಿತ್ತು. ಪುಟಗಳನ್ನು ಮೇಜಿನ ಮೇಲೆ ಹರಡಿ ಇಬ್ಬರೂ ನೋಡಿದೆವು. ಅವರೇ ಮೊದಲು ಕಂಡುಹಿಡಿದರು. ಬೆಳಗ್ಗೆ ಅಂಕಿ ಏರಿದ ದಿನ ತಿಂಡಿ ಇಲ್ಲ, ಮಧ್ಯಾಹ್ನ ಅರೆಹೊಟ್ಟೆ. ಅಂಥ ದಿನಗಳ ರಾತ್ರಿಯಲ್ಲೇ ಹೆಚ್ಚಾಗಿ ಅಡುಗೆಮನೆಗೆ ಹೋಗಿದ್ದರು. ಹಸಿವಿನ ಕಾಲಂನಲ್ಲಿ ಎಂಟು, ಒಂಬತ್ತು ಎಂದಿತ್ತು. "ಅಂದ್ರೆ ನನಗೆ ನಿಜವಾಗಿ ಹಸಿವಾಗಿತ್ತು, ಅಲ್ವಾ?" ಎಂದು ಕೇಳಿದರು.

ಹೌದು. ಎಮೋಷನಲ್ ಈಟಿಂಗ್ (ಮನಸ್ಸಿನ ನೋವಿಗೆ ತಿನ್ನುವುದು) ಎಂದು ಬರುವ ಎಷ್ಟೋ ಜನರಲ್ಲಿ ಅರ್ಧ ಪಾಲು ಬರೀ ಹಸಿವೇ ಇರುತ್ತದೆ. ದುಃಖ, ಸಿಟ್ಟು, ಸುಸ್ತು ಇಲ್ಲ ಅಂತಲ್ಲ. ಆದರೆ ಹೊಟ್ಟೆ ತುಂಬಿದವರಿಗೆ ಬರುವ ಸಿಟ್ಟೇ ಬೇರೆ, ಹಸಿದವರಿಗೆ ಬರುವ ಸಿಟ್ಟೇ ಬೇರೆ.

ಒಂದು ಪುಟದಲ್ಲಿ ಹಿಂದಿನ ದಿನ ಬೆಳಗ್ಗೆಗಿಂತ 1.2 ಕೆ.ಜಿ. ಏರಿತ್ತು. ಅದರ ಕೆಳಗೆ ಕೆಂಪು ಗೆರೆ. ಈ ಲೆಕ್ಕ ಮಾಡೋಣ ಎಂದೆ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. 1.2 ಕೆ.ಜಿ. ಕೊಬ್ಬು ಬೆಳೆಯಬೇಕಾದರೆ ಆ ದಿನಕ್ಕೆ ಬೇಕಾದ ಆಹಾರದ ಮೇಲೆ ಇನ್ನೂ 9,000ಕ್ಕಿಂತ ಜಾಸ್ತಿ ಕ್ಯಾಲೊರಿ ತಿಂದಿರಬೇಕು. ಹಿಂದಿನ ರಾತ್ರಿ ಅವರು ತಿಂದದ್ದು ಅರ್ಧ ಪ್ಯಾಕೆಟ್ ಬಿಸ್ಕತ್ತು. ಹಾಗಾದರೆ ಏರಿದ್ದು ಏನು? ಹೆಚ್ಚಿನದು ನೀರು. ಉಪ್ಪು ಜಾಸ್ತಿ ತಿಂದರೆ ದೇಹ ನೀರು ಹಿಡಿದಿಡುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲೂ ಹಾಗೆಯೇ. ಕರುಳಿನಲ್ಲಿರುವ ಆಹಾರದ ತೂಕವೂ ಸೇರುತ್ತದೆ. ದಿನದಿಂದ ದಿನಕ್ಕೆ ಒಂದೆರಡು ಕೆ.ಜಿ. ಆಚೀಚೆ ಆಗುವುದು ಸಾಮಾನ್ಯ.

ಇದರಲ್ಲಿ ಇನ್ನೂ ಒಂದು ಮುಖ್ಯ ವಿಷಯವಿದೆ. ನಾವು ತಿಂದ ಪಿಷ್ಟದಲ್ಲಿ ಸ್ವಲ್ಪ ಭಾಗ ಗ್ಲೈಕೋಜೆನ್ ಎಂಬ ದಾಸ್ತಾನಾಗಿ ಪಿತ್ತಜನಕಾಂಗದಲ್ಲಿ, ಸ್ನಾಯುಗಳಲ್ಲಿ ಉಳಿಯುತ್ತದೆ. ಒಂದು ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಉಪವಾಸ ಬಿದ್ದರೆ ಗ್ಲೈಕೋಜೆನ್ ಖರ್ಚಾಗುತ್ತದೆ, ನೀರೂ ಹೋಗುತ್ತದೆ. ಅಂಕಿ ಇಳಿಯುತ್ತದೆ. ಮರುದಿನ ಸರಿಯಾಗಿ ಉಂಡರೆ ಎರಡೂ ವಾಪಸ್ ಬರುತ್ತವೆ. ಅಂಕಿ ಏರುತ್ತದೆ. ವಸುಧಾ ಅವರ ಮೊದಲ ವಾರದ ಎರಡೂವರೆ ಕೆ.ಜಿ.ಯಲ್ಲಿ ದೊಡ್ಡ ಪಾಲು ಇದೇ. ಅಂದರೆ ದಿನಾ ತೂಕ ನೋಡುವವರಿಗೆ ಆ ಯಂತ್ರ ಹಸಿದಿದ್ದಕ್ಕೆ ಶಭಾಷ್ ಎನ್ನುತ್ತದೆ, ಸರಿಯಾಗಿ ಉಂಡಿದ್ದಕ್ಕೆ ಬೈಯುತ್ತದೆ. ಇಂಥ ಮೇಷ್ಟ್ರ ಕೈಗೆ ಯಾರ ಮನಸ್ಸನ್ನೂ ಕೊಡಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅವರಿಗೆ ಎಲ್ಲಕ್ಕಿಂತ ನೋವು ಕೊಟ್ಟದ್ದು ತಾನು ದುರ್ಬಲಳು ಎನ್ನುವ ಭಾವನೆ. ಅದಕ್ಕೆ ಎರಡು ಪ್ರಯೋಗಗಳ ಕಥೆ ಹೇಳಿದೆ. 1944ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರ ಮೇಲೆ ಹಸಿವಿನ ಅಧ್ಯಯನ ಶುರುಮಾಡಿದರು. ಎಲ್ಲರೂ ಗಟ್ಟಿಮುಟ್ಟು, ತಾವಾಗಿ ಮುಂದೆ ಬಂದವರು. 24 ವಾರ ಅವರಿಗೆ ಅರೆಹೊಟ್ಟೆ ಊಟ. ಕ್ರಮೇಣ ಅವರ ತಲೆಯಲ್ಲಿ ಊಟದ ಯೋಚನೆಯೇ ತುಂಬಿಕೊಂಡಿತು. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಹಸಿವಿನ ಅವಧಿ ಮುಗಿದ ಮೇಲೂ ಕೆಲವರಿಗೆ ಎಷ್ಟು ತಿಂದರೂ ಸಾಕು ಅನ್ನಿಸುತ್ತಿರಲಿಲ್ಲ. ಇನ್ನೊಂದು ಪ್ರಯೋಗ 1975ರದ್ದು, ಹರ್ಮನ್ ಮತ್ತು ಮ್ಯಾಕ್ ಎಂಬ ಸಂಶೋಧಕರು ಮಾಡಿದ್ದು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಎಲ್ಲರಿಗೂ ಐಸ್‌ಕ್ರೀಂ ಬೇಕಾದಷ್ಟು ತಿನ್ನಿ ಎಂದರು. ಮಾಮೂಲಾಗಿ ತಿನ್ನುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಕಡಿಮೆ ತಿಂದರು. ಸದಾ ತಮ್ಮನ್ನು ಬಿಗಿಹಿಡಿಯುವವರು ಜಾಸ್ತಿ ತಿಂದರು. ಒಮ್ಮೆ ನಿಯಮ ಮುರಿಯಿತಲ್ಲ, ಇನ್ನೇನು ಉಳಿಯಿತು ಎನ್ನುವ ಲೆಕ್ಕ. "ಇದು ನಾನೇ" ಎಂದರು ವಸುಧಾ. ಬೆಳಗ್ಗೆ ಅಂಕಿ ಏರಿದ್ದು ಕಂಡರೆ ಅವರಿಗೆ ಮಿಲ್ಕ್‌ಶೇಕೇ ಬೇಕಾಗಿರಲಿಲ್ಲ. ನಿಯಮ ಆಗಲೇ ಮುರಿದಿತ್ತು.

ಸಲಹೆಗಳಲ್ಲಿ ಮೊದಲನೆಯದು ತಿಂಡಿ. ರಾತ್ರಿ ಏನೇ ತಿಂದಿರಲಿ, ಮರುದಿನ ತಿಂಡಿ ತಪ್ಪಿಸಬಾರದು. ಮೂರು ಊಟ, ನಡುವೆ ಒಂದೋ ಎರಡೋ ಚಿಕ್ಕ ತಿನಿಸು. ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬಾರದು. (ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಡುವುದು ಅಪಾಯ, ಡಾಕ್ಟರನ್ನು ಕೇಳದೆ ಏನನ್ನೂ ಬದಲಿಸಬೇಡಿ.) ವಸುಧಾ ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. "ಅಷ್ಟು ತಿಂದ್ರೆ ತೂಕ ಜಾಸ್ತಿ ಆಗಲ್ವಾ ಮೇಡಂ?" ಯಂತ್ರದ ಮೇಲೆ ಕೆಲವು ದಿನ ಏರಬಹುದು, ಯಾಕೆ ಅಂತ ಈಗ ನಿಮಗೇ ಗೊತ್ತು ಎಂದೆ. ಒಂದು ತಿಂಗಳು ಮಾಡಿ ನೋಡೋಣ ಎಂದು ಒಪ್ಪಿಸಿದೆ.

ತೂಕದ ಯಂತ್ರವನ್ನು ಎಸೆಯಿರಿ ಎನ್ನಲಿಲ್ಲ. ಬಿಪಿ ಇದೆ, ತೂಕ ಎಷ್ಟಾಯಿತು ಎಂದು ಡಾಕ್ಟರಿಗೆ ಗೊತ್ತಾಗಬೇಕು. ಪೂರ್ತಿ ನೋಡದೇ ಇದ್ದರೆ ಹೆದರಿಕೆಯೂ ಬೆಳೆಯುತ್ತದೆ. ವಾರಕ್ಕೆ ಒಂದೇ ದಿನ, ಬೆಳಗ್ಗೆ, ಶೌಚ ಆದ ಮೇಲೆ, ಏನೂ ತಿನ್ನುವ ಮುಂಚೆ, ಗಟ್ಟಿ ನೆಲದ ಮೇಲೆ ಇಟ್ಟು ಒಮ್ಮೆ ನೋಡಿ. ಉಳಿದ ದಿನ ಅದು ಬೀರುವಿನೊಳಗೆ. ನಾಲ್ಕು ವಾರದ ಅಂಕಿ ಕೂಡುವ ತನಕ ಏನೂ ತೀರ್ಮಾನ ಬೇಡ. ಒಂದು ದಿನದ ಬ್ಯಾಂಕ್ ಬಾಕಿ ನೋಡಿ ಲಾಭವೋ ನಷ್ಟವೋ ಹೇಳ್ತೀರಾ ಎಂದು ಕೇಳಿದೆ. ಅವರು ನಕ್ಕರು. ಈ ಮಾತು ಅವರ ಕೆಲಸದ್ದು, ತಟ್ಟನೆ ಹಿಡಿಸಿತು.

ದಿನಾ ತೂಕ ನೋಡಿಯೂ ನೆಮ್ಮದಿಯಾಗಿರುವವರಿದ್ದಾರೆ. ಅಂಥವರಿಗೆ ಅದರಿಂದ ಅನುಕೂಲವೂ ಆಗುತ್ತದೆ. ಅವರು ಬಿಡಬೇಕಿಲ್ಲ. ನಿಮಗೆ ಯಾವುದು ಸರಿ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು. ಬೆಳಗ್ಗೆ ಕಂಡ ಅಂಕಿ ನಿಮ್ಮ ಅವತ್ತಿನ ತಿಂಡಿಯನ್ನು ಬದಲಿಸುತ್ತಾ? ಬದಲಿಸಿದರೆ ದಿನಾ ನೋಡಬೇಡಿ.

ರಾತ್ರಿಗೆ ಯಾವ ನಿಷೇಧವನ್ನೂ ಹಾಕಲಿಲ್ಲ. ತಿನ್ನಬೇಕು ಅನ್ನಿಸಿದರೆ ದೀಪ ಹಾಕಿ, ತಟ್ಟೆಗೆ ಹಾಕಿಕೊಂಡು, ಕೂತು ತಿನ್ನಿ. ಹಸಿವಿದ್ದರೆ ಇದಿಷ್ಟೇ. ಹಸಿವಿಲ್ಲ, ಆದರೂ ಬೇಕೇ ಬೇಕು ಅನ್ನಿಸಿದರೆ ಹದಿನೈದಿಪ್ಪತ್ತು ನಿಮಿಷ ತಡೆದು ನೋಡಿ. ಆಸೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಆಮೇಲೂ ಬೇಕಿದ್ದರೆ ತಿನ್ನಿ, ಅದು ಅಪರಾಧವಲ್ಲ.

ಊಟ ಸರಿಯಾದ ಮೇಲೆ ರಾತ್ರಿ ತಿನ್ನುವುದು ತುಂಬಾ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಆಗಲೇ ಹಸಿವಿಲ್ಲದ ರಾತ್ರಿಗಳು ಬೇರೆಯಾಗಿ ಕಂಡದ್ದು. ಆ ಹೊತ್ತಿನಲ್ಲಿ ಏನು ಸಿಗುತ್ತೆ ನಿಮಗೆ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. "ಆಗ ಯಾರೂ ನನ್ನ ಏನೂ ಕೇಳಲ್ಲ ಮೇಡಂ" ಅಂದರು. ಬೆಳಗ್ಗೆ ಮಕ್ಕಳು, ಹಗಲು ಕಚೇರಿ, ಸಂಜೆ ಹಾಸಿಗೆ ಹಿಡಿದ ಅತ್ತೆ. ಇಡೀ ದಿನದಲ್ಲಿ ಅವರದ್ದು ಎನ್ನುವ ಹೊತ್ತು ಅದೊಂದೇ. ಬಿಸ್ಕತ್ತು ಕಿತ್ತುಕೊಂಡರೆ ಆ ವಿಶ್ರಾಂತಿಯನ್ನೂ ಕಿತ್ತುಕೊಂಡ ಹಾಗೆ. ಮೊದಲು ವಿಶ್ರಾಂತಿ ಬೇರೆ ಕಡೆ ಸಿಗಬೇಕು.

ಅದಕ್ಕೆ ಗಂಡನನ್ನೂ ಕರೆಸಿದೆ. ಒಳ್ಳೆಯವರು, ಕಾಳಜಿ ಇದೆ. "ಸ್ವಲ್ಪ ಕಂಟ್ರೋಲ್ ಮಾಡು", "ಇವತ್ತು ಎಷ್ಟಾಯ್ತು?" ಎಂದು ದಿನಾ ಕೇಳುವುದು ಸಹಾಯ ಎಂದುಕೊಂಡಿದ್ದರು. ಆ ಎರಡು ಮಾತೂ ಬೇಡ ಎಂದೆ. ಸಂಜೆ ಹೆಂಡತಿ ಮನೆಗೆ ಬಂದ ಮೇಲೆ ಅರ್ಧ ಗಂಟೆ ಅಮ್ಮನನ್ನೂ ಮಕ್ಕಳನ್ನೂ ನೀವು ನೋಡಿಕೊಳ್ಳಿ. ಆ ಹೊತ್ತು ಅವರು ಬಾಗಿಲು ಹಾಕಿಕೊಂಡು ಮಲಗಲಿ, ಸುಮ್ನೆ ಕೂರಲಿ, ಏನು ಮಾಡಿದರು ಎಂದು ಕೇಳಬೇಡಿ. ಅವರು ಒಪ್ಪಿದರು. ಕೆಲವು ವಾರ ತಪ್ಪಿತು, ಮತ್ತೆ ಶುರುಮಾಡಿದರು.

ಈಗ ವಸುಧಾ ತಿಂಗಳಿಗೊಮ್ಮೆ ಬರುತ್ತಾರೆ. ತೂಕ ಇಳಿಯುತ್ತಿದೆ, ಮೊದಲಿಗಿಂತ ನಿಧಾನವಾಗಿ. ಬಿಪಿ ಹತೋಟಿಯಲ್ಲಿದೆ. ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ ವಾರ ಬೀರುವಿನಿಂದ ಯಂತ್ರ ತೆಗೆದು ದಿನಾ ನೋಡಿದರಂತೆ. ತಿಂಡಿ ಮಾತ್ರ ಬಿಟ್ಟಿರಲಿಲ್ಲ. ಲೆಕ್ಕ ಮುಗಿಸುವ ತಿಂಗಳ ಕೊನೆಯ ರಾತ್ರಿಗಳು ಇನ್ನೂ ಕಷ್ಟ. ಬೇರೆಯವರ ಕೆಲಸವೂ ಅವರ ಮೇಜಿಗೇ ಬಂದು ಬೀಳುತ್ತದೆ. ಅದನ್ನು ಮೇಲಧಿಕಾರಿಗೆ ಹೇಗೆ ಹೇಳುವುದು ಎಂದು ಈಗ ಮಾತಾಡುತ್ತಿದ್ದೇವೆ.