ಸ್ಕ್ಯಾನ್ ನಾರ್ಮಲ್, ಆದರೆ ರಾತ್ರಿ ಎರಡಕ್ಕೆ ಎಚ್ಚರ

ಪ್ರಶ್ನೆ: ಡಾಕ್ಟರೇ, ನನಗೆ 34 ವರ್ಷ, ಊರು ಹಾಸನ. ಮೂರು ವಾರದ ಹಿಂದೆ ಮಳೆಯಲ್ಲಿ ಸ್ಕೂಟರ್ ಜಾರಿ ಬಿದ್ದೆ. ಹೆಲ್ಮೆಟ್ ಇತ್ತು, ಆದರೂ ತಲೆಗೆ ಪೆಟ್ಟಾಯಿತು. ಸಿ.ಟಿ. ಸ್ಕ್ಯಾನ್ ನಾರ್ಮಲ್, ಇದು ಕನ್ಕಷನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿದೆ, ರೆಸ್ಟ್ ಮಾಡಿ ಎಂದು ಕಳಿಸಿದರು. ತಲೆನೋವು ಕಡಿಮೆಯಾಗಿದೆ. ಆದರೆ ರಾತ್ರಿ ಎರಡಕ್ಕೆ ಎದೆ ಡವಡವ ಎಂದು ಎಚ್ಚರವಾಗುತ್ತದೆ. ಒಳಗೆ ರಕ್ತ ಸೋರುತ್ತಿದ್ದರೆ ಎಂದು ಮೊಬೈಲ್‌ನಲ್ಲಿ ಹುಡುಕುತ್ತೇನೆ, ಭಯ ಇನ್ನೂ ಜಾಸ್ತಿಯಾಗುತ್ತದೆ. ಹಗಲೆಲ್ಲ ಕರ್ಟನ್ ಎಳೆದು ಮಲಗಿರುತ್ತೇನೆ. ‘ರಿಪೋರ್ಟ್ ಚೆನ್ನಾಗಿದೆಯಲ್ಲ, ಸುಮ್ನೆ ಯೋಚನೆ ಮಾಡ್ತೀಯ’ ಎನ್ನುತ್ತಾರೆ ಮನೆಯವರು. ಇದೆಲ್ಲ ನನ್ನ ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ಸಿ.ಟಿ.ಯಲ್ಲಿ ಮುಖ್ಯವಾಗಿ ನೋಡುವುದು ರಕ್ತಸ್ರಾವ, ಮೂಳೆ ಬಿರುಕು. ಕನ್ಕಷನ್‌ನಲ್ಲಿ ಏರುಪೇರಾಗುವುದು ಮಿದುಳಿನ ಕೆಲಸ, ಅದು ಆ ಫಿಲ್ಮಿನಲ್ಲಿ ಕಾಣುವುದಿಲ್ಲ. ನಿದ್ದೆ ಕೆಡುವುದು, ಗಾಬರಿ, ಕುಕ್ಕರ್ ಕೂಗಿದರೂ ಸಿಟ್ಟು, ಇವೆಲ್ಲ ಪೆಟ್ಟಿನ ಹಿಂದೆಯೇ ಬರುವಂಥವು. ಇಷ್ಟನ್ನು ಮನೆಯವರಿಗೂ ಓದಿ ಹೇಳಿ.

ಇನ್ನು ರಕ್ತ ಸೋರುವ ಭಯ. ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿ, ಫಿಟ್ಸ್, ಮಾತು ತೊದಲುವುದು, ಕೈಕಾಲಿನ ಬಲ ಕುಗ್ಗುವುದು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ವಾರಗಳ ಮೇಲೆ ನಿಧಾನಕ್ಕೆ ರಕ್ತ ಕಟ್ಟುವುದೂ ಉಂಟು, ಅದು ಹೆಚ್ಚಾಗಿ ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ. ನಿಮ್ಮ ನೋವು ಇಳಿಯುತ್ತಿದೆ, ಅದು ಒಳ್ಳೆಯ ಸೂಚನೆ. ಈ ಲಕ್ಷಣಗಳನ್ನು ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ. ಎರಡು ಗಂಟೆಗೆ ಎದ್ದಾಗ ಚೀಟಿ ನೋಡಿ, ಗೂಗಲ್ ಬೇಡ. ಮೊಬೈಲ್ ಹಾಲ್‌ನಲ್ಲೇ ಮಲಗಲಿ.

ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಆ ಕರ್ಟನ್. ಕತ್ತಲ ಕೋಣೆಯಲ್ಲಿ ಮಲಗಿ ಎಂದು ಹಿಂದೆ ನಾವೇ ಹೇಳುತ್ತಿದ್ದೆವು, ನಾನೂ ಹೇಳಿದ್ದೇನೆ. ಈಗ ಹಾಗಲ್ಲ. ಆಟಗಾರರ ಕನ್ಕಷನ್ ಬಗ್ಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿದ್ದರಲ್ಲ, ಅಲ್ಲಿನ ಸಲಹೆಯೂ ಇದೇ: ಮೊದಲ ಒಂದೆರಡು ದಿನ ಹಗುರ ವಿಶ್ರಾಂತಿ, ಆಮೇಲೆ ನಿಧಾನಕ್ಕೆ ಓಡಾಟ. ಹಗಲಿಡೀ ಕತ್ತಲಲ್ಲಿ ಬಿದ್ದಿದ್ದರೆ ಮೈಗೆ ಹಗಲು ಯಾವುದು, ರಾತ್ರಿ ಯಾವುದು ಗೊತ್ತಾಗುವುದಾದರೂ ಹೇಗೆ? ಬೆಳಗ್ಗೆ ಒಂದೇ ಹೊತ್ತಿಗೆ ಏಳಿ, ರಾತ್ರಿ ನಿದ್ದೆ ಆಗದಿದ್ದರೂ ಸರಿ. ಬಿಸಿಲಿಗೆ ಹೋಗಿ ಹತ್ತು ನಿಮಿಷ ನಡೆಯಿರಿ. ತಲೆ ಸ್ವಲ್ಪ ಭಾರವಾದರೆ ಹೆದರಬೇಡಿ, ಜಾಸ್ತಿಯಾದರೆ ಕೂತು ಸುಧಾರಿಸಿಕೊಂಡು ನಾಳೆ ಎಂಟೇ ನಿಮಿಷ ನಡೆಯಿರಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ದಾಟಬಾರದು, ಮಧ್ಯಾಹ್ನದ ಊಟವಾದ ಮೇಲೆ ಕಾಫಿ ಬೇಡ. ರಾತ್ರಿ ನಿದ್ದೆ ಬಾರದಿದ್ದರೆ ಹೊರಳಾಡಬೇಡಿ. ಎದ್ದು ಮಂದ ಬೆಳಕಲ್ಲಿ ಕೂತು ಬಟ್ಟೆ ಮಡಚಿ, ಕಣ್ಣು ಎಳೆದಾಗ ಹಾಸಿಗೆಗೆ ಬನ್ನಿ.

ಮೆಡಿಕಲ್ ಶಾಪಿನ ನಿದ್ದೆ ಮಾತ್ರೆ, ಅತ್ತೆಯವರ ಡಬ್ಬಿಯ ಅರ್ಧ ಮಾತ್ರೆ, ಎರಡೂ ಬೇಡ. ತಲೆಸುತ್ತು, ಮಂಕು ಹೆಚ್ಚುತ್ತದೆ.

ಹೆಚ್ಚಿನವರು ಒಂದು ತಿಂಗಳ ಆಸುಪಾಸಿನಲ್ಲಿ ಸರಿಹೋಗುತ್ತಾರೆ, ಕೆಲವರಿಗೆ ಮೂರು ತಿಂಗಳೂ ಹಿಡಿಯುತ್ತದೆ. ಇನ್ನೆರಡು ವಾರದಲ್ಲಿ ಗಾಬರಿ ಇಳಿಯದಿದ್ದರೆ ಮನೋವೈದ್ಯರನ್ನು ಕಾಣಿ. ಅಷ್ಟರಲ್ಲಿ ತಡೆಯಲಾಗದಂತಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ತಲೆಸುತ್ತು ಪೂರ್ತಿ ಹೋಗುವವರೆಗೆ ಸ್ಕೂಟರ್ ಮುಟ್ಟಬೇಡಿ. ಮತ್ತೆ ಆ ಹೆಲ್ಮೆಟ್, ನೋಡೋಕೆ ಚೆನ್ನಾಗಿದ್ದರೂ ಎಸೆದು ಹೊಸದು ತನ್ನಿ. ಒಮ್ಮೆ ಪೆಟ್ಟು ತಿಂದದ್ದರ ಒಳಗಿನ ಥರ್ಮೋಕೋಲ್ ಅದುಮಿ ಹೋಗಿರುತ್ತದೆ.