ಆಮಿಶ್ ಗೆಳತಿಯನ್ನು ಗುಟ್ಟಾಗಿ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುವುದು ಹೇಗೆ?

ಗುಟ್ಟಾಗಿ ಬೇಡ, ದಯವಿಟ್ಟು. ನೀವು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ತರಕಾರಿ ಕೊಳ್ಳುವ ಆಮಿಶರ (ಕಾರು, ಟಿ.ವಿ. ಬಿಟ್ಟು ಹಳೆಯ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದವರ) ಮನೆಯ ಬಾಣಂತಿ ಸುಮ್ನೆ ಅಳುತ್ತಿರುತ್ತಾಳೆ, ನಿದ್ದೆ ಇಲ್ಲ, ಅವರ ಧರ್ಮದಲ್ಲಿ ಚಿಕಿತ್ಸೆಗೆ ನಿಷೇಧ, ಅದಕ್ಕೇ ಗಂಡನಿಗೂ ಚರ್ಚಿಗೂ ತಿಳಿಯದ ಹಾಗೆ ತೋರಿಸಬೇಕು ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ಕೆಂದಿತು. ನಾನೂ ಅದೇ ಕೌಂಟಿಯಲ್ಲಿ ಬಾಣಂತಿಯರ ಮನೆಗೆ ಹೋಗುವ ನರ್ಸ್ ಆಗಿದ್ದೆ.

ನಾನು ನೋಡುತ್ತಿದ್ದ ಒಬ್ಬ ಆಮಿಶ್ ಬಾಣಂತಿಯ ಮನೆಗೆ ಹೋದದ್ದು ಸೋಮವಾರ. ಆಮಿಶ್ ಮನೆಗಳಲ್ಲಿ ಅವತ್ತು ಬಟ್ಟೆ ಒಗೆಯುವ ದಿನ. ಅವಳ ಮನೆಯ ತಂತಿ ಖಾಲಿ ಇತ್ತು. ಒಳಗೆ ಟೋಪಿಯ ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ‘ನರ್ವ್ಸ್’ ಅಂದಳು, ಅಷ್ಟೇ. ಮನಸ್ಸಿಗೆ ಹುಷಾರಿಲ್ಲ ಅನ್ನುವುದಕ್ಕೆ ಅವರ ಮಾತು ಅದು. ಡಿಪ್ರೆಶನ್ ಇರಬಹುದಾ ಅಂತ ತಿಳಿಯಲು ಬಾಣಂತಿಯರಿಗೆ ಕೇಳುವ ಎಡಿನ್‌ಬರಾ ಪಟ್ಟಿಯ 10 ಪ್ರಶ್ನೆ ಕೇಳಿದೆ. ಅಂಕ ಜಾಸ್ತಿಯೇ ಬಂತು. ಡಾಕ್ಟರ ಹತ್ತಿರ ಬರಲು ಒಪ್ಪಿದಳು.

ಅಪಾಯಿಂಟ್‌ಮೆಂಟ್ ಸಿಕ್ಕ ಕೂಡಲೇ ಅವಳು ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಆನ್ಸರಿಂಗ್ ಮಷೀನಿಗೆ ಅವಳ ಹೆಸರು, ಡಿಪ್ರೆಶನ್, ಗುರುವಾರ ಡಾಕ್ಟರು, ಮಾತ್ರೆ ಶುರು ಮಾಡಬಹುದು, ಎಲ್ಲ ಹೇಳಿಬಿಟ್ಟೆ. ಇದೇ ನಾನು ಮಾಡಿದ ತಪ್ಪು. ಆಮಿಶರು ಸಾಮಾನ್ಯವಾಗಿ ಮನೆಯೊಳಗೆ ಫೋನ್ ಇಡುವುದಿಲ್ಲ. ಹೊಲದ ಅಂಚಿನಲ್ಲೋ ರಸ್ತೆ ಪಕ್ಕದಲ್ಲೋ ಮರದ ಸಣ್ಣ ಗೂಡು ಇರುತ್ತದೆ. ಎಷ್ಟೋ ಕಡೆ ಹಲವು ಮನೆಗಳಿಗೆ ಅದೊಂದೇ ಫೋನು, ಒಂದೇ ಮಷೀನು. ಯಾರು ಮೊದಲು ಹೋಗುತ್ತಾರೋ ಅವರ ಕಿವಿಗೆ ಎಲ್ಲರ ಸಂದೇಶವೂ ಬೀಳುತ್ತದೆ. ನಮ್ಮಲ್ಲಿ ಪಿ.ಪಿ. ನಂಬರ್ ಇರಲಿಲ್ವಾ, ಪಕ್ಕದ ಮನೆಗೆ ನಮ್ಮ ಫೋನ್ ಬಂದು ಅವರು ಕಾಂಪೌಂಡಿನಿಂದ ಕೂಗುತ್ತಿದ್ದದ್ದು, ಹಾಗೆಯೇ. ಅದರಲ್ಲೇ ಬೆಳೆದವಳು ನಾನು. ಆದರೂ ನಂಬರ್ ಕೊಟ್ಟಳು ಅಂದ ಮೇಲೆ ಅವಳದ್ದೇ ಅಂದುಕೊಂಡೆ. ಈ ಫೋನ್ ಎಲ್ಲಿದೆ, ಯಾರ್ಯಾರು ಕೇಳಿಸಿಕೊಳ್ಳುತ್ತಾರೆ ಅಂತ ಒಂದು ಮಾತು ಕೇಳಬೇಕಿತ್ತು. ‘ನರ್ಸಿಗೆ ಫೋನ್ ಮಾಡಿ’ ಅಂದಿದ್ದರೆ ಸಾಕಿತ್ತು. ಲಕೋಟೆಯಲ್ಲಿ ಕಾಗದ ಹಾಕಿದ್ದರೂ ಆಗುತ್ತಿತ್ತು, ಅವರಲ್ಲಿ ಕಾಗದದ ಬಳಕೆ ಇನ್ನೂ ಚೆನ್ನಾಗಿದೆ. ಪಕ್ಕದ ಮನೆಯ ಹುಡುಗ ನಾನು ಬಿಟ್ಟ ಸಂದೇಶವನ್ನು ಕೇಳಿದ. ಮುಂದಿನ ಆರಾಧನೆಯ ಭಾನುವಾರದೊಳಗೆ ಅವರ ಚರ್ಚಿನ ಮನೆಗಳಿಗೆಲ್ಲ ಗೊತ್ತಾಗಿತ್ತು.

ಅವಳು ಬರಲಿಲ್ಲ. ನಾನು ಹೋದಾಗ ಗಂಡ ಬಾಗಿಲಲ್ಲೇ ನಿಲ್ಲಿಸಿದ. ‘ಅವಳಿಗೆ ಹುಷಾರಿಲ್ಲ ಅಂತ ನನಗೆ ಗೊತ್ತಿಲ್ವಾ? ಒಂದು ಮಾತು ಹೇಳಿದ್ದರೆ ನಾನೇ ಕರೆತರುತ್ತಿದ್ದೆ’ ಅಂದ. ಆ ಚಳಿಗಾಲವಿಡೀ ಅವಳಿಗೆ ಚಿಕಿತ್ಸೆ ಸಿಗಲಿಲ್ಲ. ಕೊನೆಗೆ ಅವಳ ಅಕ್ಕ ಮತ್ತು ಸೂಲಗಿತ್ತಿ ಸೇರಿ ಕರೆದುಕೊಂಡು ಹೋದರು. ಆ ಮನೆಯ ಬಾಗಿಲು ನನಗೆ ಮತ್ತೆ ತೆರೆಯಲಿಲ್ಲ.

ಆದ್ದರಿಂದ ಹೇಳುತ್ತೇನೆ, ಅವರ ಧರ್ಮದಲ್ಲಿ ಚಿಕಿತ್ಸೆಗೆ ನಿಷೇಧ ಅನ್ನುವ ನಿಮ್ಮ ಲೆಕ್ಕವೇ ತಪ್ಪು. ಡಾಕ್ಟರು, ಮಾತ್ರೆ ಬೇಡ ಅಂತ ಅವರ ಕಟ್ಟಳೆಯಲ್ಲಿಲ್ಲ. ಇಂಡಿಯಾನಾದ ಗೋಷನ್‌ನಲ್ಲಿ ಮಾನಸಿಕ ಚಿಕಿತ್ಸಾ ಕೇಂದ್ರವೊಂದರ ಆವರಣದಲ್ಲೇ ಆಮಿಶರು 2002ರಲ್ಲಿ ‘ರೆಸ್ಟ್ ಹೇವನ್’ ತೆರೆದರು. ಪೆನ್ಸಿಲ್ವೇನಿಯಾದ ಮೌಂಟ್ ಗ್ರೆಟ್ನಾದಲ್ಲಿ, ಫಿಲ್‌ಹೇವನ್ ಆಸ್ಪತ್ರೆಯ ಜೊತೆ, 2005ರಲ್ಲಿ ‘ಗ್ರೀನ್ ಪಾಸ್ಚರ್ಸ್’ ಬಂತು. ಟಿ.ವಿ. ಇಲ್ಲದ ಮನೆ, ತಮ್ಮವರೇ ನೋಡಿಕೊಳ್ಳುವವರು, ಚಿಕಿತ್ಸೆ ಮಾತ್ರ ಡಾಕ್ಟರರದ್ದು. ಪ್ರಾರ್ಥನೆ ಜಾಸ್ತಿ ಮಾಡು, ಸರಿಹೋಗುತ್ತೆ ಅನ್ನುವವರು ಅಲ್ಲೂ ಇದ್ದಾರೆ. ನನಗೆ ಅವರ ಮೇಲೆ ಸಿಟ್ಟಿದೆ. ತನ್ನ ಕಷ್ಟ ಹೇಳಿಕೊಳ್ಳುವುದೇ ಸ್ವಾರ್ಥ ಅಂತ ಬೆಳೆದ ಹೆಣ್ಣಿಗೆ ಆ ಮಾತು ಬಾಯಿಗೆ ಬೀಗ ಹಾಕುತ್ತದೆ.

ಇನ್ನು ಗುಟ್ಟಾಗಿ ಹೋದರೆ ದುಡ್ಡು ಯಾರು ಕೊಡುತ್ತಾರೆ? ಹೆಚ್ಚಿನವರಿಗೆ ಇನ್ಶೂರೆನ್ಸ್ ಇಲ್ಲ. ಕೈಯಿಂದ ಕಟ್ಟುತ್ತಾರೆ, ಸಾಲದಿದ್ದರೆ ಚರ್ಚಿನ ನೆರವಿನ ಹಣ ನೋಡಿಕೊಳ್ಳುವ ಡೀಕನ್ ಮೂಲಕ ಚರ್ಚಿನ ನಿಧಿಯಿಂದ ಬರುತ್ತದೆ. ಕಾರೂ ಇಲ್ಲ. ಪೆನ್ಸಿಲ್ವೇನಿಯಾದ ಆಮಿಶ್ ಹೆಂಗಸರ ಬಗ್ಗೆ 2007ರಲ್ಲಿ ಬಂದ ಅಧ್ಯಯನದಲ್ಲಿ, ಬೇರೆ ಹೆಂಗಸರಿಗಿಂತ ಇವರಿಗೆ ಮಾನಸಿಕ ಒತ್ತಡ ಕಡಿಮೆ, ಸುತ್ತಲಿನವರ ಆಸರೆ ಜಾಸ್ತಿ ಅಂತ ಕಂಡಿತ್ತು. ಆ ಆಸರೆಯನ್ನು ಕತ್ತರಿಸಿ ನೀವು ಅವಳಿಗೆ ಏನು ಕೊಡುತ್ತೀರಿ?

ಮೊದಲು ಅವಳನ್ನೇ ಕೇಳಿ: ಗಂಡನಿಗೆ ಹೇಳಬಹುದಾ, ಇಲ್ಲ ಅಕ್ಕನಿಗಾ, ಸೂಲಗಿತ್ತಿಗಾ? ಅವಳು ಹೆಸರು ಹೇಳಿದವರ ಜೊತೆ ಮಾತ್ರ ಮಾತಾಡಿ. ನಿದ್ದೆ, ಊಟ, ಹಾಲು ಹೇಗಿದೆ ಅಂತ ಶುರು ಮಾಡಿ. ಗಂಡ ಹೊಡೆಯುತ್ತಾನೆ ಅಂದರೆ ಮಾತ್ರ ನನ್ನ ಉತ್ತರ ಬೇರೆ. ಆಗ ಅವನನ್ನೂ ಬಿಷಪ್ಪನನ್ನೂ ನಡುವೆ ತರಬೇಡಿ. ಅವರ ಚರ್ಚಿನಲ್ಲಿ ತಪ್ಪೊಪ್ಪಿಕೊಂಡವನನ್ನು ಕೆಲವು ವಾರ ದೂರವಿಟ್ಟು ಕ್ಷಮಿಸಿ ಒಳಗೆ ಸೇರಿಸಿಕೊಳ್ಳುವುದುಂಟು. ಅದರಿಂದ ಅವಳಿಗೆ ರಕ್ಷಣೆ ಸಿಗುವುದಿಲ್ಲ. ತನ್ನ ಅಥವಾ ಮಗುವಿನ ಜೀವ ತೆಗೆಯುವ ಯೋಚನೆ ಇದೆ ಅಂದರೆ ಯಾರನ್ನೂ ಕಾಯದೆ ತುರ್ತು ನೆರವಿನ ನಂಬರ್ 911ಕ್ಕೆ ಫೋನ್ ಮಾಡಿ. ಮಾತಾಡಲು ಆತ್ಮಹತ್ಯೆ ತಡೆಯುವ ಸಹಾಯವಾಣಿ 988 ಕೂಡ ಇದೆ.

ಅಷ್ಟು ತುರ್ತಿಲ್ಲದಿದ್ದರೆ ಈ ವಾರವೇ ಹೋಗಿ, ‘ಡಾಕ್ಟರ ಹತ್ತಿರ ಹೋಗುವುದಾದರೆ ನನ್ನ ಕಾರಿದೆ, ನಿಮ್ಮವರಲ್ಲಿ ಯಾರಾದರೂ ಜೊತೆಗೆ ಬರಲಿ’ ಅನ್ನಿ. ಹಾಲು ಕುಡಿಯುವ ಮಗುವೂ ಬರುತ್ತದೆ. ಕೂಸನ್ನು ಕೂರಿಸುವ ಸೀಟು ಅವರ ಮನೆಯಲ್ಲಿ ಇಲ್ಲದಿರಬಹುದು, ಅದನ್ನು ನೀವೇ ಕಾರಿಗೆ ಹಾಕಿಸಿಕೊಂಡು ಹೋಗಿ.